ಬ್ಯಾನಿಗೆ ಮರಾಠಿಯಲ್ಲಿ ‘ಕಳ’ ಅಂತಾರೆ

ಪುಣೆಯ ಭೋಸರಿಯ ಒಂದು ಆಸ್ಪತ್ರೆ, ಹೆರಿಗೆ ಕೋಣೆ. ಬೆಳಗಿನ ಜಾವ ಮೂರೂವರೆ. ಜಮಖಂಡಿ ಕಡೆಯ ಹುಡುಗಿ, ಮದುವೆಯಾಗಿ ಪುಣೆಗೆ ಬಂದು ವರ್ಷವೂ ತುಂಬಿರಲಿಲ್ಲ. ನರ್ಸ್ ‘ಜೋರ್ ಲಾವೂ ನಕಾ’ ಅಂದರು. ಈಗ ಮುಕ್ಕಬೇಡ ಅಂತ. ಆ ನೋವಿನಲ್ಲಿ ಅವಳ ಕಿವಿಗೆ ಬಿದ್ದದ್ದು ‘ಜೋರ್’ ಒಂದೇ. ಹಲ್ಲು ಕಚ್ಚಿ ಇನ್ನೂ ಜಾಸ್ತಿ ಮುಕ್ಕಿದಳು. ನರ್ಸ್ ದನಿ ಏರಿತು. ಇವಳು ಹೆದರಿ ಮತ್ತೂ ಮುಕ್ಕಿದಳು.

ನಾನು ಬಾಗಿ ಅವಳ ಕಿವಿಯ ಹತ್ತಿರ ಹೇಳಿದೆ: ‘ಮುಕ್ಕಬ್ಯಾಡವ್ವಾ. ಬಿಸಿ ಚಾ ಊದತೀಯಲ್ಲ, ಹಂಗ ಸಣ್ಣಗ ಊದು. ಊದು, ಊದು, ಹಾಂ.’ ಎರಡು ಬ್ಯಾನಿ ದಾಟುವುದರೊಳಗೆ ಉಸಿರು ಹದಕ್ಕೆ ಬಂತು. ಗರ್ಭಕೋಶದ ಬಾಯಿ ಪೂರ್ತಿ 10 ಸೆಂಟಿಮೀಟರ್ ತೆರೆಯುವ ಮುಂಚೆ ಮುಕ್ಕಿದರೆ ತಾಯಿ ಸುಮ್ನೆ ಸುಸ್ತಾಗುತ್ತಾಳೆ, ಗರ್ಭಕೋಶದ ಆ ಬಾಯಿ ಊದಿಕೊಳ್ಳಲೂಬಹುದು. ನರ್ಸ್ ಹೇಳಿದ್ದು ಸರಿಯಾಗಿಯೇ ಇತ್ತು. ಅದು ಅವಳಿಗೆ ಅವಳ ಮಾತಿನಲ್ಲಿ ಮುಟ್ಟಬೇಕಿತ್ತು, ಅಷ್ಟೇ.

ನಾನು ಡೌಲಾ, ಹೆರಿಗೆಯುದ್ದಕ್ಕೂ ತಾಯಿಯ ಜೊತೆಗಿರುವವಳು. ಪುಣೆಯ ಕನ್ನಡದ ಮನೆಗಳಲ್ಲಿ ಈ ಹೆಸರು ಹೇಳಿದರೆ ‘ಅಂದ್ರ ಸೂಲಗಿತ್ತಿ ಏನ್ರಿ?’ ಅಂತ ಕೇಳುತ್ತಾರೆ. ಅಲ್ಲ. ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ನಿಮಗೆ ನೆನಪಿರಬಹುದು. ಅವರು ತಮ್ಮ ಕೈಯಾರೆ ಹೆರಿಗೆ ಮಾಡಿಸುತ್ತಿದ್ದವರು. ಡೌಲಾ ಹೆರಿಗೆ ಮಾಡಿಸುವುದಿಲ್ಲ. ಒಳಪರೀಕ್ಷೆ ಮಾಡುವುದಿಲ್ಲ, ಮಾತ್ರೆ ಕೊಡುವುದಿಲ್ಲ, ಮಗುವಿನ ಎದೆಬಡಿತ ನೋಡುವುದಿಲ್ಲ. ಅದೆಲ್ಲ ಡಾಕ್ಟರ್, ನರ್ಸ್ ಕೆಲಸ. ಡ್ಯೂಟಿ ಬದಲಾದಾಗ ಅವರು ಹೋಗುತ್ತಾರೆ, ಬೇರೆಯವರು ಬರುತ್ತಾರೆ. ನಾನು ಹೋಗುವುದಿಲ್ಲ. ಬ್ಯಾನಿ ಬಂದಾಗ ಸೊಂಟದ ಕೆಳಗೆ ಅಂಗೈ ಊರಿ ಒತ್ತುತ್ತೇನೆ. ಎಬ್ಬಿಸಿ ನಡೆಸುತ್ತೇನೆ, ಮಗ್ಗುಲು ಬದಲಿಸುತ್ತೇನೆ, ಗುಟುಕು ನೀರು ಕುಡಿಸುತ್ತೇನೆ. ಗಂಡನಿಗೆ ಎಲ್ಲಿ ಒತ್ತಬೇಕು ಅಂತ ತೋರಿಸುತ್ತೇನೆ. ಡಾಕ್ಟರ್ ಹೇಳಿದ್ದು ತಿಳಿಯದಿದ್ದರೆ ಇನ್ನೊಮ್ಮೆ ಕೇಳಲು ಧೈರ್ಯ ಕೊಡುತ್ತೇನೆ.

ಇಷ್ಟರಿಂದ ಏನಾಗುತ್ತದೆ ಅನ್ನಿಸಬಹುದು. 2017ರಲ್ಲಿ ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 26 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. 15 ಸಾವಿರಕ್ಕೂ ಹೆಚ್ಚು ತಾಯಂದಿರ ಲೆಕ್ಕ ಅದು. ಹೆರಿಗೆಯುದ್ದಕ್ಕೂ ಒಬ್ಬರು ಬಿಡದೆ ಜೊತೆಗಿದ್ದರೆ ಸಹಜ ಹೆರಿಗೆ ಜಾಸ್ತಿ, ಸಿಸೇರಿಯನ್ ಕಡಿಮೆ, ಬ್ಯಾನಿ ತಿನ್ನುವ ಹೊತ್ತೂ ಸ್ವಲ್ಪ ಕಡಿಮೆ ಅಂತ ಕಂಡುಬಂತು. ಹಾಗಂತ ‘ನಾರ್ಮಲ್ ಮಾಡಿಸಿಕೊಡ್ತೀನಿ’ ಅಂತ ಯಾರಾದರೂ ಮಾತು ಕೊಟ್ಟರೆ ಆ ಡೌಲಾ ನಿಮಗೆ ಬೇಡ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ 100 ಹೆರಿಗೆಗೆ 47 ಸಿಸೇರಿಯನ್. ಈ ಲೆಕ್ಕ ನೋಡಿ ಹೆದರಿದವರಿಗೆ ಖಾತ್ರಿ ಮಾರುವುದು ಸುಲಭ. ಸಿಸೇರಿಯನ್ನೇ ಜೀವ ಉಳಿಸುವ ಗಳಿಗೆಗಳೂ ಇರುತ್ತವೆ. ಆಗಲೂ ಕೈ ಹಿಡಿದುಕೊಂಡು ನಿಲ್ಲುವವಳು ಬೇಕು.

ಡೌಲಾ ಹುಡುಕುವ ಮುಂಚೆ ಒಂದು ವಿಷಯ ಮನೆಯಲ್ಲಿ ತೀರ್ಮಾನವಾಗಲಿ. ಹೆರಿಗೆ ಎಲ್ಲಿ? ಚೊಚ್ಚಲ ಬಸುರಿ ಅಂದರೆ ನಮ್ಮಲ್ಲಿ ಕುಬಸ ಮಾಡಿ ತವರಿಗೆ ಕರೆದೊಯ್ಯುವುದು ರೂಢಿ. ಎಂಟನೇ ತಿಂಗಳವರೆಗೂ ‘ನೋಡೋಣ’ ಅನ್ನುತ್ತಾ ಕೂತು, ಕೊನೆಗೆ ಅವಸರದಲ್ಲಿ ಸೊಲ್ಲಾಪುರದ ದಾರಿ ಹಿಡಿದು ವಿಜಯಪುರಕ್ಕೆ ಹೊರಟವರನ್ನು ಕಂಡಿದ್ದೇನೆ. ಅಲ್ಲಿಯ ಡಾಕ್ಟರಿಗೆ ಇವಳ ಸ್ಕ್ಯಾನ್ ಗೊತ್ತಿಲ್ಲ, ಬಿಪಿ ಏರಿಳಿದದ್ದು ಗೊತ್ತಿಲ್ಲ. ತವರಿಗೆ ಹೋಗುವುದು ಖಂಡಿತ ಅಂತಿದ್ದರೆ ಪುಣೆಯ ಡೌಲಾಗೆ ಹೆರಿಗೆಯ ಫೀಸು ಕೊಡಬೇಡಿ. ನಾಲ್ಕೈದು ಭೇಟಿಯಲ್ಲಿ ಉಸಿರಾಟ, ಭಂಗಿ, ಹಾಲುಣಿಸುವುದು ಕಲಿತು ಹೋಗಿ. ಅವ್ವನನ್ನೂ ಫೋನಿನಲ್ಲಿ ಜೊತೆಗೆ ಕೂರಿಸಿಕೊಳ್ಳಿ. ಬ್ಯಾನಿ ತಿನ್ನುವಾಗ ಪಕ್ಕದಲ್ಲಿರುವವರು ಅವರೇ ಅಲ್ವಾ?

ಇಲ್ಲೇ ಹೆರಿಗೆ ಅಂತಾದರೆ ಐದು-ಆರನೇ ತಿಂಗಳಲ್ಲಿ ಹುಡುಕಿ. ಮೊದಲು ಆಸ್ಪತ್ರೆಯಲ್ಲಿ ಕೇಳಿ: ಲೇಬರ್ ರೂಮಿಗೆ ಎಷ್ಟು ಜನರನ್ನು ಬಿಡುತ್ತೀರಿ? ಎಷ್ಟೋ ಕಡೆ ಒಬ್ಬರನ್ನೇ ಬಿಡುತ್ತಾರೆ. ಗಂಡನೋ ಡೌಲಾನೋ ಅನ್ನುವ ಪ್ರಶ್ನೆ ಬಾಗಿಲ ಮುಂದೆ ಏಳಬಾರದು. ನಮ್ಮ ದೇಶದಲ್ಲಿ ಡೌಲಾಗಳಿಗೆ ಸರ್ಕಾರದ ಲೈಸೆನ್ಸ್ ಅಂತ ಇಲ್ಲ, ಇರುವುದು ತರಬೇತಿ ಸಂಸ್ಥೆಗಳ ಸರ್ಟಿಫಿಕೇಟ್. ಅದನ್ನು ನೋಡಿ. ಅದಕ್ಕಿಂತ ಮುಖ್ಯ, ಅವರು ಜೊತೆಗಿದ್ದ ಇಬ್ಬರು ತಾಯಂದಿರ ಹತ್ತಿರ ಮಾತಾಡಿ. ಒಂದೇ ರಾತ್ರಿ ಎರಡು ಹೆರಿಗೆ ಬಂದರೆ ಬದಲಿಗೆ ಯಾರು ಬರುತ್ತಾರೆ, ಆಪರೇಷನ್ ಆದರೆ ಫೀಸು ಎಷ್ಟು, ಹೆರಿಗೆಯ ನಂತರ ಮನೆಗೆ ಎಷ್ಟು ಸಲ ಬರುತ್ತಾರೆ, ಎಲ್ಲ ಬರೆಸಿಕೊಳ್ಳಿ. ಡಾಕ್ಟರನ್ನು ನಂಬಬೇಡಿ ಅನ್ನುವವರು, ಮನೆಯಲ್ಲೇ ಇನ್ನೂ ಕಾಯೋಣ ಅಂತ ಒತ್ತಾಯ ಮಾಡುವವರು ಬೇಡ. ಮಗುವಿನ ಮಿಸುಕಾಟ ಕಡಿಮೆಯಾದರೆ, ರಕ್ತ ಹೋದರೆ, ಗರ್ಭದ ನೀರು ಒಡೆದು ಹಸಿರಾಗಿದ್ದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಡೌಲಾಗೆ ಫೋನ್ ಮಾಡುತ್ತಾ ಕೂರಬೇಡಿ. ಸೀದಾ ಆಸ್ಪತ್ರೆಗೆ.

ದುಡ್ಡಿಲ್ಲದವರು ಏನು ಮಾಡಬೇಕು? 2016ರಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ವೇಳೆ ಜೊತೆಗೊಬ್ಬ ಹೆಣ್ಣುಮಗಳಿಗೆ ಅವಕಾಶ ಕೊಡಿ ಅಂತ ಹೇಳಿದೆ. ಹೆತ್ತ ಅನುಭವವಿರುವ ಚಿಕ್ಕಮ್ಮ, ಅತ್ತಿಗೆ ಯಾರಾದರೂ ಆಗಬಹುದು. ಅಳುಕದೆ ಕೇಳಿ.

ಬಾಣಂತನದ ಮಾತು ಬೇರೆ. ಜಾಸ್ತಿ ಜನ ಡೌಲಾ ಅಂದರೆ ಹೆರಿಗೆಯ ದಿನ ಅಂದುಕೊಳ್ಳುತ್ತಾರೆ. ನನಗೆ ಮಾತ್ರ ಅತಿ ಹೆಚ್ಚು ಫೋನ್ ಬರುವುದು ಮೂರನೇ ದಿನದಿಂದ. ‘ಅಕ್ಕಾರ, ಹಾಲ ಬರವಲ್ದು.’ ಮೊದಲ ದಿನಗಳಲ್ಲಿ ಬರುವುದು ಗಟ್ಟಿ ಗಿಣ್ಣುಹಾಲು, ಚಮಚೆಯಷ್ಟೇ. ಮಗುವಿಗೆ ಆಗ ಅಷ್ಟು ಸಾಕು. ಐದನೇ ದಿನದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದೆಯಾ ಎಣಿಸಿ. ಕಡಿಮೆಯಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ವಾಕಡದ ಒಂದು ಫ್ಲ್ಯಾಟ್. ಊರಿಂದ ಬಂದ ಅವ್ವ ಬಾಣಂತಿಗೆ ಕಾಸಲು ಶೆಗಡಿಯಲ್ಲಿ ಇದ್ದಿಲು ಉರಿ ಹಾಕಿದ್ದರು. ಗಾಳಿ ತಾಗಬಾರದು ಅಂತ ಕಿಟಕಿಗಳೆಲ್ಲ ಬಂದ್. ಎಸಿ ತೂತಿಗೂ ಬಟ್ಟೆ ತುರುಕಿತ್ತು. ಮಗು ಕೆಮ್ಮುತ್ತಿತ್ತು. ಅವರ ಅಕ್ಕರೆಗೆ ನೋವಾಗಬಾರದು, ಹಾಗಂತ ಸುಮ್ಮನಿರುವಂತೆಯೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ತುಂಬುವ ಇದ್ದಿಲ ವಿಷಗಾಳಿಗೆ ವಾಸನೆಯೂ ಇರುವುದಿಲ್ಲ. ‘ಅವ್ವಾರ, ನಿಮ್ಮ ಮನ್ಯಾಗ ಮ್ಯಾಲ ಬೆಳಕಿಂಡಿ ಐತೆಲ್ರಿ?’ ಅಂದೆ. ‘ಐತಿ’ ಅಂದರು. ‘ಇಲ್ಲಿ ಎಲ್ಲೈತ್ರಿ?’ ಅವರು ತಲೆ ಎತ್ತಿ ಸೀಲಿಂಗ್ ನೋಡಿದರು. ತಾವೇ ಎದ್ದು ಶೆಗಡಿ ಗ್ಯಾಲರಿಗೆ ಒಯ್ದರು. ಬಿಸಿನೀರಿನ ಚೀಲ ಬಂತು. ಅಂಟಿನ ಉಂಡಿ, ಅಳವಿ ಪಾಯಸ ಎಲ್ಲ ಅವರ ಕೈಯದೇ, ಅದಕ್ಕೆ ನನ್ನ ತಕರಾರಿಲ್ಲ. ನೀರು ಕುಡಿಯಬೇಡ ಅನ್ನುವುದಕ್ಕೆ ಮಾತ್ರ ಇದೆ. ಹಾಲೂಡಿಸುವವಳಿಗೆ ಬಾಯಾರಿದಷ್ಟೂ ನೀರು ಬೇಕು.

ಮೊದಲ ಎರಡು ವಾರ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿದರೂ ಮಗು ಬೇಡ ಅನ್ನಿಸುತ್ತಿದ್ದರೆ, ಮಗು ಮಲಗಿದರೂ ನಿದ್ದೆ ಬಾರದಿದ್ದರೆ ಡಾಕ್ಟರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೂ ಆಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದರೆ ಎರಡು ವಾರ ಕಾಯುವ ಮಾತೇ ಇಲ್ಲ, ಅವತ್ತೇ ಹೇಳಿ.

ಆ ಜಮಖಂಡಿ ಹುಡುಗಿಯ ನಂತರ ನಾನು ಪ್ರತಿ ಬಸುರಿಯ ಫೈಲಿಗೂ ಒಂದು ಚೀಟಿ ಅಂಟಿಸುತ್ತೇನೆ. ನೀವೂ ಬರೆದು ಅಂಟಿಸಿಕೊಳ್ಳಿ, ಕೊನೆಯ ತಿಂಗಳಲ್ಲಿ ಗಂಡನ ಜೊತೆ ಕೂತು ಗಟ್ಟಿಯಾಗಿ ಓದಿ. ಕಳ ಅಂದರೆ ಬ್ಯಾನಿ. ಶ್ವಾಸ ಘ್ಯಾ ಅಂದರೆ ಉಸಿರು ಎಳೆದುಕೊ. ಶ್ವಾಸ ಸೋಡಾ ಅಂದರೆ ಉಸಿರು ಬಿಡು. ಕುಶೀವರ್ ವಳಾ ಅಂದರೆ ಮಗ್ಗುಲಾಗು. ಜೋರ್ ಲಾವಾ ಅಂದರೆ ಮುಕ್ಕು. ಜೋರ್ ಲಾವೂ ನಕಾ ಅಂದರೆ ಮುಕ್ಕಬ್ಯಾಡ, ಚಾ ಊದಿದಂಗ ಊದು.