ಒಂದೇ ಡಿಸ್ಕಿಗೆ ಸಿ, ಡಿ, ಇ: ಹಳೆ ಕಂಪ್ಯೂಟರಿನಲ್ಲಿ ಪಾಲು ಮಾಡಿದ್ದು ಏಕೆ?

ಶಿರಸಿಯ ಅಡಕೆ ಮಂಡಿಯ ಲೆಕ್ಕವಿರಲಿ, ಕಾರವಾರದ ಡಿಟಿಪಿ ಅಂಗಡಿಯಲ್ಲಿ ಕೂಡಿಟ್ಟ ಮದುವೆ ಕರೆಯೋಲೆಗಳಿರಲಿ, ತೊಂಬತ್ತರ ದಶಕದ ಕಂಪ್ಯೂಟರಿನಲ್ಲಿ ಒಂದೇ ಹಾರ್ಡ್ ಡಿಸ್ಕ್ ಹೆಚ್ಚಾಗಿ ಸಿ, ಡಿ, ಇ ಎಂಬ ಎರಡು ಮೂರು ಪಾಲಾಗಿರುತ್ತಿತ್ತು. ಅಚ್ಚುಕಟ್ಟಾಗಿರಲೆಂದು ಹಾಗೆ ಮಾಡುತ್ತಿದ್ದರು ಎಂದೇ ಹಲವರ ತಿಳಿವಳಿಕೆ. ಮೂಲ ಕಾರಣ ಬೇರೆ: ಆಗ ಕಂಪ್ಯೂಟರ್ ನಡೆಸುತ್ತಿದ್ದ ಡಾಸ್ ತಂತ್ರಾಂಶಕ್ಕೆ ಎಣಿಸಲು ಬರುತ್ತಿದ್ದ ಸಂಖ್ಯೆಗೇ ಒಂದು ಮಿತಿಯಿತ್ತು.

1984ರ ಡಾಸ್ 3.0 ಜೊತೆ ಬಂದ ಫ್ಯಾಟ್ 16 ಎಂಬ, ಡಿಸ್ಕಿನಲ್ಲಿ ಫೈಲುಗಳು ಎಲ್ಲೆಲ್ಲಿವೆ ಎಂದು ಪಟ್ಟಿ ಇಡುವ ಪದ್ಧತಿಯಲ್ಲಿ ಒಂದು ಪಾರ್ಟಿಶನ್‌ಗೆ (ಅಂದರೆ ಪಾಲಿಗೆ) ಸುಮಾರು 65,500 ಕ್ಲಸ್ಟರ್, ಅಂದರೆ ಜಾಗದ ತುಂಡು, ಮಾತ್ರ. ಮೊದಮೊದಲು ಪಾರ್ಟಿಶನ್ 32 ಎಂಬಿ ದಾಟುವಂತಿರಲಿಲ್ಲ. 1988ರ ಡಾಸ್ 4.0 ಆ ಗೋಡೆ ಒಡೆಯಿತು, ಆದರೆ ಕ್ಲಸ್ಟರ್‌ಗಳ ಸಂಖ್ಯೆ ಹೆಚ್ಚಲಿಲ್ಲ. ಡಿಸ್ಕ್ ದೊಡ್ಡದಾದಂತೆ ಒಂದೊಂದು ಕ್ಲಸ್ಟರೂ ಹಿಗ್ಗಬೇಕಾಯಿತು. 256 ಎಂಬಿಯಿಂದ 511ರವರೆಗೆ 8 ಕೆಬಿ, 512ರಿಂದ 1,023ರವರೆಗೆ 16 ಕೆಬಿ, ಅದರ ಮೇಲೆ 2 ಜಿಬಿವರೆಗೆ 32 ಕೆಬಿ.

ಕ್ಲಸ್ಟರ್ ಎಂದರೆ ಅಡಕೆ ಚೀಲ ಇದ್ದಂತೆ. ಒಬ್ಬ ಬೆಳೆಗಾರನ ಮಾಲು ತುಂಬಿದ ಚೀಲಕ್ಕೆ ಇನ್ನೊಬ್ಬನದ್ದನ್ನು ಸುರಿಯುವುದಿಲ್ಲ. ಚೀಲದ ತಳಕ್ಕೆ ನಾಲ್ಕು ಹಿಡಿ ಚಾಲಿ ಅಡಕೆ ಇದ್ದರೂ ಗೋದಾಮಿನಲ್ಲಿ ಅದು ಒಂದು ಚೀಲದ ಜಾಗ ಹಿಡಿಯುತ್ತದೆ. 3 ಕೆಬಿಯ ಕನ್ನಡ ಪತ್ರ 32 ಕೆಬಿ ಕ್ಲಸ್ಟರಿನಲ್ಲಿ ಕೂತರೆ 29 ಕೆಬಿ ಖಾಲಿ ಬಿದ್ದಿರುತ್ತದೆ. ಪ್ರತಿ ಫೈಲಿಗೆ ಸರಾಸರಿ ಅರ್ಧ ಕ್ಲಸ್ಟರ್ ವ್ಯರ್ಥವೆಂದು ಹಿಡಿಯಿರಿ. 1,200 ಎಂಬಿ ಡಿಸ್ಕನ್ನು ಇಡಿಯಾಗಿ ಬಿಟ್ಟು 10,000 ಫೈಲ್ ತುಂಬಿಸಿದರೆ ಸುಮಾರು 156 ಎಂಬಿ ನಷ್ಟ. ಅದನ್ನೇ 400ರ ಮೂರು ಪಾಲು ಮಾಡಿದರೆ ನಷ್ಟ 39 ಎಂಬಿಗೆ ಇಳಿಯುತ್ತದೆ. ಆ ಕಾಲದಲ್ಲಿ ಉಳಿದ 117 ಎಂಬಿ ಸಣ್ಣದಲ್ಲ.

ಗಡಿಯ ಲೆಕ್ಕದಲ್ಲೇ ತಪ್ಪುವುದು ಹೆಚ್ಚು. ಪಾಲು ಮಾಡುವ ಎಫ್‌ಡಿಸ್ಕ್ ಎಂಬ ಪ್ರೋಗ್ರಾಂನಲ್ಲಿ 511 ಎಂದು ಒತ್ತಿದರೂ ಅದು ಡಿಸ್ಕಿನ ಸಿಲಿಂಡರ್ ಎಂಬ ವಿಭಾಗಕ್ಕೆ ಹೊಂದಿಸಿಕೊಂಡು ಅಳತೆಯನ್ನು ತುಸು ಆಚೀಚೆ ಮಾಡುತ್ತದೆ. 512 ತಲುಪಿತೋ, ಕ್ಲಸ್ಟರ್ 16 ಕೆಬಿ. 500 ಕೊಟ್ಟರೆ ಈ ರಗಳೆಯೇ ಇಲ್ಲ. ಮೊದಲು ಪ್ರೈಮರಿ ಎಂಬ ಮುಖ್ಯ ಪಾಲು, ಆಮೇಲೆ ಎಕ್ಸ್‌ಟೆಂಡೆಡ್ ಎಂಬ ಹೊರಪಾಲು, ಅದರೊಳಗೆ ಲಾಜಿಕಲ್ ಡ್ರೈವ್‌ಗಳು ಎಂಬ ಒಳಪಾಲುಗಳು. ಪ್ರೈಮರಿಯನ್ನು ಆ್ಯಕ್ಟಿವ್ ಮಾಡಲು ಮರೆತರೆ ಡಿಸ್ಕಿನಿಂದ ಕಂಪ್ಯೂಟರ್ ಏಳುವುದಿಲ್ಲ. ಫಾರ್ಮ್ಯಾಟ್ ಆದಮೇಲೆ ಚೆಕ್‌ಡಿಸ್ಕ್ ಓಡಿಸಿ, ಅಲೊಕೇಶನ್ ಯೂನಿಟ್ (ಕ್ಲಸ್ಟರಿಗೆ ಇನ್ನೊಂದು ಹೆಸರು) ಎಂಬ ಸಾಲು ನೋಡಿ: 8,192 ಬೈಟ್, ಅಂದರೆ 8 ಕೆಬಿ, ಎಂದಿದ್ದರೆ ಲೆಕ್ಕ ಸರಿ. ಎಫ್‌ಡಿಸ್ಕ್‌ನಲ್ಲಿ ಪಾಲು ಅಳಿಸಿದರೆ ಒಳಗಿದ್ದದ್ದೂ ಹೋಯಿತೆಂದೇ ತಿಳಿದು, ಮುಂಚೆಯೇ ನಕಲು ತೆಗೆದಿಡಬೇಕು.

1996ರಲ್ಲಿ ವಿಂಡೋಸ್ 95ರ ಎರಡನೇ ಆವೃತ್ತಿಯೊಂದಿಗೆ ಫ್ಯಾಟ್ 32 ಬಂತು. ಅಲ್ಲಿ 8 ಜಿಬಿವರೆಗೂ 4 ಕೆಬಿ ಕ್ಲಸ್ಟರ್ ಸಾಕು. ಎಫ್‌ಡಿಸ್ಕ್ ಶುರುವಿನಲ್ಲೇ ದೊಡ್ಡ ಡಿಸ್ಕಿನ ಸೌಲಭ್ಯ ಬೇಕೇ ಎಂದು ಕೇಳುತ್ತದೆ. ವೈ ಒತ್ತಿದರೆ ಫ್ಯಾಟ್ 32, ಎನ್ ಒತ್ತಿದರೆ ಹಳೆಯ 2 ಜಿಬಿ ಮಿತಿ. ಡಾಸ್ 6.22 ಮಾತ್ರ ಫ್ಯಾಟ್ 32 ಪಾಲನ್ನು ಓದಲಾರದು. ಹಳೆ ಲೆಕ್ಕದ ಪ್ರೋಗ್ರಾಂ ಆ ಡಾಸ್‌ನಲ್ಲೇ ಓಡಬೇಕಿದ್ದರೆ ಎನ್ ಒತ್ತುವುದೇ ಸರಿ.

ಹಾಗಂತ ಕ್ಲಸ್ಟರ್ ಚಿಕ್ಕದಾದಷ್ಟೂ ಒಳ್ಳೆಯದು ಎನ್ನುವಂತಿಲ್ಲ. 8 ಜಿಬಿಗೆ 4 ಕೆಬಿಯಂತೆ ಇಪ್ಪತ್ತು ಲಕ್ಷ ಕ್ಲಸ್ಟರ್, ಅವುಗಳ ಪಟ್ಟಿಯೇ 8 ಎಂಬಿ. ಯಕ್ಷಗಾನದ ಧ್ವನಿಮುದ್ರಣದಂಥ ದೊಡ್ಡ ಫೈಲುಗಳಿಗೆ 32 ಕೆಬಿ ಇದ್ದರೂ ನಷ್ಟ ಅತ್ಯಲ್ಪ, ಪಟ್ಟಿಯೂ ಚಿಕ್ಕದು. ಪತ್ರ, ಅಕ್ಷರವಿನ್ಯಾಸದ ಫೈಲುಗಳಿಗೆ 4 ಕೆಬಿ ಇರಲಿ.

ವಿಂಡೋಸ್ ಎಕ್ಸ್‌ಪಿಯಲ್ಲಿ ಫ್ಯಾಟ್ 32 ಪಾಲನ್ನು ಕನ್ವರ್ಟ್ ಆದೇಶದಿಂದ ಎನ್‌ಟಿಎಫ್‌ಎಸ್ ಎಂಬ ಹೊಸ ಪದ್ಧತಿಗೆ ಬದಲಿಸುವಾಗ ಗಮನವಿರಲಿ. ಹಳೆ ಪಾಲಿನ ಕ್ಲಸ್ಟರ್‌ಗಳು 4 ಕೆಬಿ ಗಡಿಗೆ ಸರಿಯಾಗಿ ಕೂತಿರದಿದ್ದರೆ ಹೊಸ ಕ್ಲಸ್ಟರ್ ಬರಿ 512 ಬೈಟ್ ಆಗಿಬಿಡುತ್ತದೆ, ಕಂಪ್ಯೂಟರ್ ನಿಧಾನವಾಗುತ್ತದೆ. ಫೈಲ್ ಬೇರೆಡೆ ನಕಲಿಸಿ ಹೊಸದಾಗಿ ಫಾರ್ಮ್ಯಾಟ್ ಮಾಡುವುದೇ ಲೇಸು.

ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡಿದಾಗ, ಬರೆಯುತ್ತಿದ್ದ ಫೈಲಿನ ಕೊಂಡಿ ಫ್ಯಾಟ್ ಪಟ್ಟಿಯಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಡಿಸ್ಕಿನ ದೋಷ ಹುಡುಕುವ ಸ್ಕ್ಯಾನ್‌ಡಿಸ್ಕ್ ಅಂಥ ತುಣುಕುಗಳಿಗೆ ಡಾಟ್ ಸಿಎಚ್‌ಕೆ ಹೆಸರಿಟ್ಟು ಉಳಿಸುತ್ತದೆ. ಲೆಕ್ಕದ ಫೈಲು ಡಿಯಲ್ಲಿದ್ದರೆ ಸಿಗೆ ಮತ್ತೆ ವಿಂಡೋಸ್ ಹಾಕುವಾಗ ಅದಕ್ಕೆ ಧಕ್ಕೆಯಿಲ್ಲ. ಡಿಸ್ಕೇ ಸತ್ತರೆ ಎಲ್ಲ ಪಾಲುಗಳೂ ಒಟ್ಟಿಗೇ ಹೋಗುತ್ತವೆ, ಹೀಗಾಗಿ ಪಾಲನ್ನು ಬ್ಯಾಕಪ್ ಎಂದು ನಂಬಬಾರದು.

ಎರಡನೇ ಡಿಸ್ಕ್ ಜೋಡಿಸುವಾಗಲೂ ಎಚ್ಚರ ಬೇಕು. ಡಾಸ್‌ನಲ್ಲಿ, ವಿಂಡೋಸ್ 98ರಲ್ಲಿ ಅದರ ಪ್ರೈಮರಿ ಪಾಲು ಡಿ ಅಕ್ಷರ ಕಿತ್ತುಕೊಂಡು, ಮೊದಲಿನ ಡಿ ಈಗ ಇ ಆಗುತ್ತದೆ. ಲೆಕ್ಕದ ಪ್ರೋಗ್ರಾಂ ಹಳೆ ಜಾಗದಲ್ಲೇ ಹುಡುಕಿ ಫೈಲ್ ಇಲ್ಲವೆನ್ನುತ್ತದೆ. ಎರಡನೇ ಡಿಸ್ಕಿನಲ್ಲಿ ಪ್ರೈಮರಿ ಮಾಡದೆ ಎಲ್ಲವನ್ನೂ ಎಕ್ಸ್‌ಟೆಂಡೆಡ್‌ನೊಳಗೆ ಲಾಜಿಕಲ್ ಆಗಿ ಕೊಟ್ಟರೆ ಹಳೆ ಅಕ್ಷರಗಳು ಅಲ್ಲಾಡುವುದಿಲ್ಲ.