ಹಿಮ ಇದ್ದುದರಿಂದಲೇ ಆ ದಾರಿ ಇತ್ತು

ಹಿಮ ಕರಗಿ ಹಳೆಯ ವಸ್ತುಗಳು ಹೊರಬರುತ್ತಿರುವ ನಾರ್ವೆಯ ಬೆಟ್ಟದಾರಿ ಲೆಂಡ್‌ಬ್ರೇನ್ ಬಗ್ಗೆ ಎಲ್ಲಿ ಮಾತಾಡಿದರೂ ಕೊನೆಗೊಬ್ಬರು ಎದ್ದು ಅದೇ ಪ್ರಶ್ನೆ ಕೇಳುತ್ತಾರೆ: "ಸಾವಿರ ವರ್ಷದ ಹಿಂದೆ ಅಲ್ಲಿ ಜನ ಓಡಾಡುತ್ತಿದ್ದರು ಅಂದಮೇಲೆ ಆಗ ಹಿಮ ಇರಲಿಲ್ಲ ಅಂತಾಯಿತಲ್ಲ ಮೇಡಂ? ಮತ್ತೆ ಈಗ ಕರಗಿದರೆ ಯಾಕಿಷ್ಟು ಗಾಬರಿ?" ಕೇಳುವವರಲ್ಲಿ ಕೆಟ್ಟ ಉದ್ದೇಶ ಇರುವುದಿಲ್ಲ. ಎಷ್ಟೋ ಸಲ ಇಡೀ ಸಭೆಯಲ್ಲಿ ಗಮನವಿಟ್ಟು ಕೇಳಿದವರು ಅವರೇ. ಆದರೆ ತರ್ಕ ಪೂರ್ತಿ ತಲೆಕೆಳಗು.

ಲೋಮ್ ಬಳಿಯ ಈ ಬೆಟ್ಟದಾರಿಯಲ್ಲಿ ಹಿಮ ಕರಗಿದ ಮೇಲೆ ಕಾಣುವುದು ಚೂಪು ಅಂಚಿನ ಕಲ್ಲುಗಳ ರಾಶಿ. ಹೊರೆ ಹೊತ್ತ ಕುದುರೆಯನ್ನು ಅದರ ಮೇಲೆ ನಡೆಸಿದರೆ ಕಾಲು ಮುರಿದೀತು. ಆದರೂ ಅಲ್ಲಿ ಕುದುರೆ ಲದ್ದಿ, ಲಾಳ, ಸ್ಲೆಡ್ಜ್ ಬಂಡಿಯ ತುಂಡುಗಳು ಸಿಕ್ಕಿವೆ. ಕುದುರೆ ಹಿಮದಲ್ಲಿ ಹೂತುಹೋಗದಂತೆ ಗೊರಸಿಗೆ ಕಟ್ಟುತ್ತಿದ್ದ ಮರದ ಪಾದುಕೆಯೂ ಸಿಕ್ಕಿದೆ. ಕಲ್ಲುಗಳನ್ನು ಹಿಮ ಮುಚ್ಚಿರುವಾಗಲೇ, ಚಳಿಗಾಲದ ಕೊನೆಯಿಂದ ಬೇಸಿಗೆಯ ಆರಂಭದೊಳಗೆ, ಜನ ದಾಟುತ್ತಿದ್ದರು. ಹಿಮವೇ ಅವರ ರಸ್ತೆ. ಅದೇ ಬೆಟ್ಟಗಳಲ್ಲಿ ಸಿಗುವ ಬಾಣಗಳ ಕತೆಯೂ ಅಷ್ಟೇ. ಬೇಸಿಗೆಯಲ್ಲಿ ನೊಣಗಳ ಕಾಟ ತಾಳದೆ ಹಿಮಸಾರಂಗಗಳು ಹಿಮದ ಮೇಲೆ ಬಂದು ನಿಲ್ಲುತ್ತವೆ, ಬೇಟೆಗಾರರೂ ಅಲ್ಲಿಗೇ ಹೋಗುತ್ತಿದ್ದರು.

2011ರಲ್ಲಿ ಲೆಂಡ್‌ಬ್ರೇನ್‌ನಲ್ಲಿ ಒಂದು ಉಣ್ಣೆ ಅಂಗಿ ಸಿಕ್ಕಿತು. ಗುಂಡಿ ಇಲ್ಲ, ತಲೆಯ ಮೇಲಿಂದ ಎಳೆದುಕೊಳ್ಳುವಂಥದ್ದು, ತೇಪೆ ಹಾಕಿ ಉಟ್ಟದ್ದು. ಕಾಲ ಕ್ರಿ.ಶ. 230ರಿಂದ 390ರ ನಡುವೆ. ಅದರ ಚಿತ್ರ ತೋರಿಸಿದಾಗ ಚಳ್ಳಕೆರೆ ಕಡೆಯ ಕಂಬಳಿ ನೇಯುವ ಅಜ್ಜ ಒಬ್ಬರು, "ಎರಡು ಮಳೆಗಾಲ ಹೊರಗೆ ಬಿದ್ರೆ ಕಂಬಳಿ ಉಳಿಯಲ್ಲ ಕಣವ್ವಾ, ಹಿಮ ಬಿಡದೇ ಇದ್ದುದಕ್ಕೇ ಉಳ್ಕಂಡೈತೆ" ಅಂದರು. ನಾನು ಅರ್ಧ ಗಂಟೆ ವಿವರಿಸುವುದನ್ನು ಅವರು ಒಂದೇ ಮಾತಲ್ಲಿ ಹೇಳಿಬಿಟ್ಟರು. ಸುಮಾರು 1700 ವರ್ಷ ಆ ಅಂಗಿಯನ್ನು ಹಿಮ ಕಾದಿತ್ತು, ಈಗ ಬಿಟ್ಟುಕೊಟ್ಟಿದೆ. ಗಾಬರಿ ಆಗಬೇಕಾದದ್ದು ಅದಕ್ಕೆ.

ಹಾಗಂತ ಎಲ್ಲ ಬೆಟ್ಟಕ್ಕೂ ಇದೇ ಲೆಕ್ಕ ಹಾಕಬೇಡಿ. ಸ್ವಿಟ್ಜರ್ಲೆಂಡಿನ ಶ್ನಿಡೆಯೋಖ್ ಕಣಿವೆದಾರಿ ಹಿಮನದಿ ಹಿಂದೆ ಸರಿದ ಕಾಲದಲ್ಲಿ ಮಾತ್ರ ದಾಟಲು ಸಲೀಸು. ಅಲ್ಲಿ ಸಿಕ್ಕ ವಸ್ತುಗಳು ಹಿಂದಿನ ಬೆಚ್ಚಗಿನ ಕಾಲಗಳ ಸುಳಿವು ಕೊಡುತ್ತವೆ ನಿಜ. ಆದರೆ 2003ರ ಬಿರುಬೇಸಿಗೆಯ ನಂತರ ಅಲ್ಲಿ ಹೊರಬಂದ ನವಶಿಲಾಯುಗದ ಚರ್ಮದ ತುಂಡುಗಳು, ನಡುವಿನ ಸಾವಿರಾರು ವರ್ಷ ಹಿಮದ ಹೊದಿಕೆ ತೆರೆಯದೇ ಇದ್ದುದಕ್ಕೂ ಸಾಕ್ಷಿ. 1991ರಲ್ಲಿ ಆಲ್ಪ್ಸ್ ಬೆಟ್ಟಗಳ ಹಿಮದಲ್ಲಿ ಸಿಕ್ಕ, ಸುಮಾರು 5300 ವರ್ಷ ಹಳೆಯ ಮನುಷ್ಯದೇಹ ಓಟ್ಸಿಯ ಸುತ್ತಲಿನ ಹಿಮ ನಡುನಡುವೆ ಕರಗಿತ್ತು ಎಂದು 2022ರ ಅಧ್ಯಯನವೊಂದು ವಾದಿಸಿದೆ. ಕರಗಿದ ನೀರು ವಸ್ತುಗಳನ್ನು ಬಿದ್ದ ಜಾಗದಿಂದ ಸರಿಸುವುದೂ ಉಂಟು. ಒಂದೇ ವಸ್ತು ನೋಡಿ ಆ ಕಾಲದ ಬಿಸಿ-ಚಳಿ ಹೇಳಲು ನಾನು ಒಪ್ಪುವುದಿಲ್ಲ.

ಲೆಂಡ್‌ಬ್ರೇನ್ ತಂಡ ಸುಮಾರು 60 ವಸ್ತುಗಳ ಕಾಲವನ್ನು ರೇಡಿಯೋಕಾರ್ಬನ್ ವಿಧಾನದಿಂದ ಕಂಡುಹಿಡಿಯಿತು. ಸುಮಾರು ಕ್ರಿ.ಶ. 300ರಿಂದ 1500ರವರೆಗೆ ಆ ದಾರಿ ಬಳಕೆಯಲ್ಲಿತ್ತು, 1000ದ ಸುಮಾರಿಗೆ ಓಡಾಟ ಅತಿ ಹೆಚ್ಚು. ಏರಿಕೆಗೆ ತಂಡ ಮುಖ್ಯವಾಗಿ ತೋರಿಸುವುದು ಪಟ್ಟಣಗಳ ಬೆಳವಣಿಗೆಯನ್ನು, ವ್ಯಾಪಾರವನ್ನು. ಇಳಿತಕ್ಕೆ ಪ್ಲೇಗನ್ನೂ ಹೇಳುತ್ತದೆ, ಹವಾಮಾನ ಕೆಟ್ಟದ್ದನ್ನೂ ಹೇಳುತ್ತದೆ.