ಕೆಂಪು ಗಾರೆ ನೆಲದ ಹಾಲ್‌ಗೆ ಕೆನೆ ಬಣ್ಣವೋ, ಪೀಚೋ?

ಪ್ರಶ್ನೆ: ಮೈಸೂರಿನ ಒಂಟಿಕೊಪ್ಪಲಿನಲ್ಲಿ ನಮ್ಮದು ಹಳೇ ಮನೆ. ಹಾಲ್ 12ಕ್ಕೆ 10 ಅಡಿ, ಎತ್ತರ 10 ಅಡಿ. ಕೆಂಪು ಗಾರೆ ನೆಲ, ಎರಡೂ ಕಿಟಕಿ ಪಶ್ಚಿಮಕ್ಕೆ. ಕೆನೆ ಬಣ್ಣ ಹೊಡೆಸೋಣ ಅಂತ ನಾನು, ತಿಳಿ ಪೀಚ್ ಇರಲಿ ಅಂತ ನಮ್ಮ ಮನೆಯವರು. ಯಾವುದು ಒಪ್ಪುತ್ತದೆ?

ಉತ್ತರ: ಕೆನೆ ಬಣ್ಣ. ಮುಖ್ಯ ಕಾರಣ ನಿಮ್ಮ ನೆಲ.

ಮಧ್ಯಾಹ್ನ ಮೂರರ ಮೇಲೆ, ಬಿಸಿಲು ನೆಲಕ್ಕೆ ಬಿದ್ದಾಗ, ಒಂದು ಬಿಳಿ ಹಾಳೆಯನ್ನು ಗೋಡೆಯ ಬುಡದಲ್ಲಿ ಹಿಡಿದು ನೋಡಿ. ಹಾಳೆಯ ಕೆಳಭಾಗ ತೆಳು ಗುಲಾಬಿಯಾಗುತ್ತದೆ. ಗಾರೆಯ ಕೆಂಪು ಗೋಡೆಗೆ ಹೀಗೇ ಚಿಮ್ಮುತ್ತದೆ. ಅದು ಸೇರಿದರೆ ಕೆನೆ ಬಣ್ಣ ಸಂಜೆ ಹೊತ್ತಿಗೆ ತಾನಾಗಿ ತಿಳಿ ಪೀಚ್ ಆಗುತ್ತದೆ. ಮನೆಯವರ ಆಸೆಯೂ ಅರ್ಧ ತೀರಿದ ಹಾಗೆ. ಪೀಚನ್ನೇ ಹೊಡೆಸಿದರೆ ಅದು ಕಿತ್ತಳೆಗೆ ತಿರುಗಿ ಕಣ್ಣಿಗೆ ಹೊಡೆಯುತ್ತದೆ. ಪೀಚ್ ಚೆನ್ನಾಗಿ ಒಪ್ಪುವುದು ಉತ್ತರದ ಕಿಟಕಿಯ ಕೋಣೆಗೆ: ಅಲ್ಲಿ ದಿನವಿಡೀ ನೀಲಿ ಛಾಯೆಯ ಬೆಳಕು, ಅದನ್ನು ಪೀಚ್ ಸರಿದೂಗಿಸುತ್ತದೆ.

ರಾತ್ರಿಯ ಬಲ್ಬನ್ನೂ ನೋಡಿಕೊಳ್ಳಿ. 6500 ಕೆಲ್ವಿನ್‌ನ (ಬೆಳಕಿನ ಛಾಯೆ ತಿಳಿಸುವ ಅಳತೆ) ಬಿಳಿ ಎಲ್‌ಇಡಿ ಅಡಿಯಲ್ಲಿ ಪೀಚ್ ಮಂಕಾಗುತ್ತದೆ, ಕೆನೆ ಬರೀ ಬಿಳಿಯಂತೆ ಕಾಣುತ್ತದೆ. ಹಳದಿ ಛಾಯೆಯ 3000 ಕೆಲ್ವಿನ್ ಬಲ್ಬ್ ಹಾಕಿಸಿ.

ಶೇಡ್ ಕಾರ್ಡ್‌ನ ಚೂರು ನೋಡಿ ಮಾತ್ರ ತೀರ್ಮಾನ ಬೇಡ. ನಾಲ್ಕು ಗೋಡೆಗೂ ಬಳಿದಾಗ ಒಂದರ ಬಣ್ಣ ಇನ್ನೊಂದಕ್ಕೆ ಬಿದ್ದು ಎಲ್ಲವೂ ಗಾಢವಾಗುತ್ತವೆ. ಆದ್ದರಿಂದ ಮನಸ್ಸಿಗೆ ಬಂದ ಶೇಡ್‌ಗಿಂತ ಒಂದು ಮೆಟ್ಟಿಲು ತಿಳಿಯಾದುದನ್ನು ಆರಿಸಿ. 2 ಅಡಿಯ ಬಿಳಿ ರಟ್ಟಿಗೆ ಎರಡು ಕೋಟು ಬಳಿದು ಪೂರ್ತಿ ಒಣಗಿಸಿ. ಎಮಲ್ಷನ್ (ನೀರಿನಲ್ಲಿ ಕಲಸುವ ಗೋಡೆ ಬಣ್ಣ) ಒಣಗಿದ ಮೇಲೆ ಸ್ವಲ್ಪ ಗಾಢವಾಗುತ್ತದೆ. ರಟ್ಟನ್ನು ಬೆಳಿಗ್ಗೆ, ಸಂಜೆ, ದೀಪ ಹಾಕಿದ ಮೇಲೆ, ಮೂರು ಹೊತ್ತೂ ಬೇರೆಬೇರೆ ಗೋಡೆಗೆ ಒರಗಿಸಿ ನೋಡಿ. ಹಳೇ ಬಣ್ಣದ ಮೇಲೆ ನೇರವಾಗಿ ಬಳಿದು ನೋಡಿದರೆ ಸುತ್ತಲಿನ ಬಣ್ಣ ಕಣ್ಣನ್ನು ಮೋಸಗೊಳಿಸುತ್ತದೆ.

ಹಳೇ ಮನೆಯೆಂದ ಮೇಲೆ ಗೋಡೆಗೆ ಅಂಗೈ ಉಜ್ಜಿ ನೋಡಲೇಬೇಕು. ಬಿಳಿ ಪುಡಿ ಅಂಟಿದರೆ ಕೆಳಗೆ ಸುಣ್ಣದ ಪದರಗಳಿವೆ. ಅವನ್ನು ಪೂರ್ತಿ ಕೆರೆಸದೆ ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳಪದರ) ಹೊಡೆದರೆ ಅದು ಪುಡಿಗೆ ಅಂಟುತ್ತದೆಯೇ ಹೊರತು ಗೋಡೆಗಲ್ಲ; ಒಂದೆರಡು ಮಳೆಗಾಲದಲ್ಲಿ ಹಕ್ಕಳೆ ಏಳುತ್ತದೆ. ದುಡ್ಡು ಉಳಿಸುವುದಾದರೆ ಬೇರೆಲ್ಲಾದರೂ ಉಳಿಸಿ, ಕೆರೆಯುವ ಕೂಲಿಯಲ್ಲಿ ಬೇಡ.

ಗೋಡೆ 440 ಚದರಡಿ. ಬಾಗಿಲು, ಕಿಟಕಿ ಕಳೆದರೆ ಸುಮಾರು 390. ಎರಡು ಕೋಟ್‌ಗೆ ಮೂರು ಲೀಟರ್ ಮೇಲೆ ಬೇಕು, 4 ಲೀಟರ್ ಡಬ್ಬ ಸಾಕು. ಒಂದೇ ಸಲ ಮಿಕ್ಸ್ ಮಾಡಿಸಿ. ಶೇಡ್‌ನ ಕೋಡ್ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿಡಿ. ಡಬ್ಬದ ಚೀಟಿ ಮಾಸಿಹೋಗುತ್ತದೆ.